ಕೂಡ್ಲಿಗಿಗೆ ಕಡಲು ಎಷ್ಟು ದೂರ?

2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ಸರ್ಕಾರ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತೆಗೆಯುವ ದೇಶದಲ್ಲಿ ಅಲ್ಲಿನವರ ಬಾಣಲೆಗೇ ಎಣ್ಣೆ ತುಟ್ಟಿಯಾಗಿತ್ತು. ಮೂರೂವರೆ ವಾರ ಕಳೆದು ಮೇ 23ಕ್ಕೆ ನಿಷೇಧ ತೆರವಾಯಿತು. ಅಷ್ಟರಲ್ಲಿ ಇಲ್ಲಿ ಕೊಟ್ಟೂರಿನ ಮಂಡಕ್ಕಿ–ಮಿರ್ಚಿ ಅಂಗಡಿಯವರಿಗೂ ಎಣ್ಣೆ ಪ್ಯಾಕೆಟ್ಟಿನ ದರ ನೋಡಿ ತಲೆ ಬಿಸಿಯಾಗಿತ್ತು. ಸುತ್ತ ಶೇಂಗಾ ಬೆಳೆಯುವ ಊರು, ಆದರೆ ಮಿರ್ಚಿ ಕರಿಯುವ ಎಣ್ಣೆಯ ಬೆಲೆ ಗೊತ್ತುಮಾಡುವುದು ಜಕಾರ್ತಾ. ಭೂಗೋಳದ ಪಾಠದಲ್ಲಿ ‘ಒಳನಾಡು’ ಎಂದು ಓದಿಕೊಂಡ ನಮಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿಯವರ ಬಾಯಲ್ಲಿ ಇವು ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯ ಜೊತೆ ಈ ಐದೂ ಬಂದವು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಹರಪನಹಳ್ಳಿಯಿಂದ ಅರಬ್ಬೀ ಕಡಲಿಗೆ 200 ಕಿಲೋಮೀಟರ್ ಕೂಡ ಇಲ್ಲ. ಅಳತೆಗೆ ಹತ್ತಿರ, ಬಾಳಿಗೆ ದೂರ. ನಡುವೆ ಸಹ್ಯಾದ್ರಿ ನಿಂತಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಅದರ ಹತ್ತರಲ್ಲೊಂದು ಪಾಲೂ ಉಳಿದಿರುವುದಿಲ್ಲ. ನದಿಯದೂ ಅದೇ ಕಥೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ–ಭದ್ರೆಯರು ಕೈಗೆಟಕುವ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ, ಕೂಡಲಿಯಲ್ಲಿ ಒಂದಾಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಅಂಚನ್ನು ಸವರಿಕೊಂಡು ಕೃಷ್ಣೆಯನ್ನು ಸೇರುತ್ತಾರೆ. ನಮ್ಮ ಹೊಲದ ಮಣ್ಣು ತೊಳೆದುಹೋದರೆ ಸೇರುವುದು ಬಂಗಾಳ ಕೊಲ್ಲಿಯನ್ನು.

ಆಡಂ ಸ್ಮಿತ್ 1776ರಷ್ಟು ಹಿಂದೆಯೇ ನೀರ ದಾರಿ ಇದ್ದ ಕಡೆ ವ್ಯಾಪಾರ ಮೊದಲು ಬೆಳೆಯುತ್ತದೆ, ಒಳನಾಡು ಹಿಂದೆ ಬೀಳುತ್ತದೆ ಎಂದು ಬರೆದಿದ್ದ. ಹಡಗಿನ ಸಾಗಣೆ ಎತ್ತಿನ ಗಾಡಿಗಿಂತ ಅಗ್ಗ. ಲೆಕ್ಕ ಸರಿಯಾಗಿಯೇ ಇದೆ. ಇವತ್ತಿಗೂ ಭಾರತದ ವಿದೇಶಿ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ 95ರಷ್ಟು ಸಾಗುವುದು ಸಮುದ್ರದಲ್ಲೇ. ಆದರೆ ಸ್ಮಿತ್‌ನ ಮಾತನ್ನು ವಿಧಿಯೆಂದು ಒಪ್ಪಿಕೊಳ್ಳಲು ನಮ್ಮ ಸೀಮೆಯ ಇತಿಹಾಸವೇ ಬಿಡುವುದಿಲ್ಲ. ಪಕ್ಕದಲ್ಲೇ ಹಂಪಿ ಇದೆಯಲ್ಲ! 1443ರಲ್ಲಿ ಹೆರಾತ್‌ನ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಹಡಗಿನಲ್ಲಿ ಬಂದು, ಘಟ್ಟ ಹತ್ತಿ ವಿಜಯನಗರ ತಲುಪಿದ. ಅಲ್ಲಿನ ಅರಸನ ಕೈಯಲ್ಲಿ 300 ಬಂದರುಗಳಿವೆ ಎಂದು ಬರೆದ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೂ ಅದು ಕಡಲಿಗೆ ಮುಖ ಮಾಡಿದ ರಾಜ್ಯವೆಂಬುದರಲ್ಲಿ ಅನುಮಾನವಿಲ್ಲ. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಪ್ರಕಾರ ಅರಸ ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದ. ಅವುಗಳಲ್ಲಿ ಹೋರ್ಮುಜ್‌ನಿಂದ ಕಡಲು ದಾಟಿ ಬಂದವೂ ಇದ್ದವು. ಕೃಷ್ಣದೇವರಾಯ ತನ್ನ ‘ಆಮುಕ್ತಮಾಲ್ಯದ’ದಲ್ಲಿ ರಾಜನಾದವನು ಬಂದರುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಪಾಠ ಹೇಳಿದ್ದಾನೆ. ಬಂಡೆಗಳ ನಡುವೆ, ಕಡಲಿನಿಂದ ವಾರಗಟ್ಟಲೆ ದೂರ ಕುಳಿತವನಿಗೆ ಬಂದರಿನ ಚಿಂತೆ. ಘಟ್ಟದ ದಾರಿ ಯಾರ ಹಿಡಿತದಲ್ಲಿದೆ, ಆ ದಾರಿಯಲ್ಲಿ ಏನು ಇಳಿಯುತ್ತದೆ, ಏನು ಏರುತ್ತದೆ ಎಂಬುದು ದೂರಕ್ಕಿಂತ ಮುಖ್ಯವೆಂದು ಅವನಿಗೆ ಗೊತ್ತಿತ್ತು.

ಆ ದಾರಿಗಳಲ್ಲಿ ಓಡಾಡಿದವರ ಮೊಮ್ಮಕ್ಕಳು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ತಾಂಡಾಗಳಲ್ಲಿ ಈಗಲೂ ಇದ್ದಾರೆ. ಲಂಬಾಣಿಗರು ಹೇರೆತ್ತುಗಳ ದೊಡ್ಡ ಹಿಂಡು ಕಟ್ಟಿಕೊಂಡು ಒಳನಾಡಿನ ಧಾನ್ಯವನ್ನು ಕರಾವಳಿಗೆ, ಕರಾವಳಿಯ ಉಪ್ಪನ್ನು ಒಳನಾಡಿಗೆ ಸಾಗಿಸುತ್ತಿದ್ದವರು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಇಂಗ್ಲಿಷರ ಸೈನ್ಯಕ್ಕೆ ಕಾಳುಕಡಿ ಮುಟ್ಟಿಸಲು ಇವರನ್ನೇ ನೆಚ್ಚಬೇಕಾಗಿತ್ತು. ಉಪ್ಪಿಲ್ಲದೆ ಯಾವ ಒಳನಾಡೂ ಬಾಳದು. ಉಪ್ಪು ಸಿಗುವುದು ಕಡಲ ದಂಡೆಯಲ್ಲಿ. ಭೂಗೋಳದ ಆ ಒಂದು ಕೊರತೆಯ ಮೇಲೆ ಒಂದು ಸಮುದಾಯದ ಇಡೀ ಬದುಕು ನಿಂತಿತ್ತು. ರೈಲು ಬಂತು, ಹೇರೆತ್ತು ಸೋತಿತು. 1871ರಲ್ಲಿ ಶುರುವಾದ ‘ಅಪರಾಧಿ ಬುಡಕಟ್ಟು’ ಕಾಯ್ದೆಗಳ ಕಾಲದಲ್ಲಿ ಅಲೆದಾಡುವವರೆಲ್ಲ ಪೊಲೀಸರ ಕಣ್ಣಿಗೆ ಅನುಮಾನಾಸ್ಪದರಾದರು. ವ್ಯಾಪಾರಿಗಳಾಗಿದ್ದವರು ಊರಾಚೆಯ ಬೀಳು ನೆಲದಲ್ಲಿ ಬೇರೂರಿದರು. ಈ ಸೀಮೆಯ ತಾಂಡಾಗಳು ಕಲ್ಲು ನೆಲದಲ್ಲಿ, ಗುಡ್ಡದ ಬುಡದಲ್ಲಿ ಯಾಕಿವೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ.

ರೈಲಿನ ಮಾತು ಬಂತು. 1876–78ರ ಧಾತು ವರ್ಷದ ಬರದಲ್ಲಿ ಮದ್ರಾಸಿನ ಕಡಲ ದಂಡೆಯಲ್ಲಿ ಧಾನ್ಯದ ಮೂಟೆಗಳು ರಾಶಿ ಬಿದ್ದಿದ್ದವು. ಒಳನಾಡಿನ ಹಳ್ಳಿಗಳಿಗೆ ಸಾಗಿಸೋಣವೆಂದರೆ ಗಾಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಬರದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆಗಳಲ್ಲಿ ಅದೂ ಒಂದು. ಅದರ ಮುಂದಿನ ದಶಕಗಳಲ್ಲಿ ಗುಂತಕಲ್–ಹುಬ್ಬಳ್ಳಿ ಹಳಿ ಬಂತು. ಹುಬ್ಬಳ್ಳಿಯಿಂದಾಚೆ ಗೋವಾದ ಮರ್ಮಗೋವಾ ಬಂದರಿನವರೆಗೂ ರೈಲು ಓಡಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಹಾದಿ ತೆರೆಯಿತು. ಅಂದರೆ ಆ ವರ್ಷ ಕೊಟ್ಟೂರು ಹಳಿಯ ಮೂಲಕ ಎರಡೂ ಕಡಲನ್ನು ಮುಟ್ಟಿತು. ಸುತ್ತಲಿನ ಹತ್ತಿ, ಶೇಂಗಾ, ಕಾಳಿಗೆಲ್ಲ ಇದೇ ಕೊನೆಯ ನಿಲ್ದಾಣವಾದ್ದರಿಂದ ಮಂಡಿಗಳು ಬಂದವು, ದಲ್ಲಾಳಿಗಳು ಬಂದರು. ಕೊಟ್ಟೂರೇಶ್ವರನ ತೇರಿನ ಊರು ವ್ಯಾಪಾರದ ಊರೂ ಆಯಿತು. ಹರಿಹರದ ತನಕ ಹಳಿ ಮುಂದುವರಿಸಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ನಡುವೆ ಮೀಟರ್ ಗೇಜ್ ನಿಂತುಹೋಗಿ ಇದ್ದದ್ದೂ ಇಲ್ಲವಾಗಿ, ಕೊನೆಗೆ 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗೆ ಈಗ ರೈಲುಂಟು. ಹಡಗಲಿಗೂ ಕೂಡ್ಲಿಗಿಗೂ ಇಲ್ಲ. ಕೂಡ್ಲಿಗಿಗೆ ಹೆದ್ದಾರಿಯೊಂದೇ ಗತಿ. ಆ ಹೆದ್ದಾರಿ ಹಿಂದಿನ ಲೆಕ್ಕದಲ್ಲಿ 13ನೇ ನಂಬರು, ಸೋಲಾಪುರದಿಂದ ಮಂಗಳೂರಿಗೆ ಹೋಗುವಂಥದ್ದು. ಸಮುದ್ರ ಕಾಣದ ಊರಿನ ನಡುವೆಯೇ ಸಮುದ್ರದ ದಾರಿ ಹಾದಿತ್ತು.

ಅದಿರಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಚೀನಾಕ್ಕೆ ಉಕ್ಕು ಬೇಕಾಯಿತು, ಸಂಡೂರು–ಹೊಸಪೇಟೆಯ ಗುಡ್ಡಗಳು ಲಾರಿ ಏರಿದವು. ಅಂಕೋಲಾ ರಸ್ತೆ ಹಿಡಿದು ಬೇಲೆಕೇರಿಗೆ, ಕಾರವಾರಕ್ಕೆ, ಇತ್ತ ಕೃಷ್ಣಪಟ್ಟಣಕ್ಕೆ, ಚೆನ್ನೈಗೆ ಹೋದವು. ಬೇಲೆಕೇರಿಯಲ್ಲಿ ಜಪ್ತಿ ಮಾಡಿದ ಅದಿರೇ ಮಾಯವಾದದ್ದನ್ನೂ ನೋಡಿದೆವು. 2010ರ ಜುಲೈನಲ್ಲಿ ರಾಜ್ಯ ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. ಈ ಐದು ತಾಲ್ಲೂಕಿಗೆ ಅದರಿಂದ ಬಂದದ್ದೇನು? ಒಂದಷ್ಟು ಲಾರಿ ಚಾಲಕರ ಕೆಲಸ, ಬಡ್ಡಿ ಸಾಲದಲ್ಲಿ ಕೊಂಡ ಟಿಪ್ಪರುಗಳು, 2011ರ ನಂತರ ಆ ಟಿಪ್ಪರುಗಳ ಜಪ್ತಿ. ಚೀನಾದ ಕುಲುಮೆಗೆ ಹೋದ ಗುಡ್ಡದ ಬೆಲೆಯಲ್ಲಿ ನಮ್ಮ ಪಾಲು ಬಾಡಿಗೆಯಷ್ಟೇ.

ಬೆಳೆಯ ವಿಚಾರವನ್ನು ಬಿಡಿಸಿ ನೋಡಬೇಕು. ಶೇಂಗಾ ಈ ಕೆಂಪು ನೆಲದ ಸ್ವಂತ ಬೆಳೆಯೆಂದೇ ನಾವು ತಿಳಿದಿದ್ದೇವೆ. ಅದು ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದದ್ದು. ಮೆಕ್ಕೆಜೋಳ ಮೆಕ್ಸಿಕೊದ್ದು. ಮೆಣಸಿನಕಾಯಿಯೂ ಆಚೆಯದೇ. ಇವು ಕಡಲು ದಾಟಿ ಬಂದು ನವಣೆ, ಜೋಳಗಳ ಪಕ್ಕದಲ್ಲಿ ಜಾಗ ಮಾಡಿಕೊಂಡವು. ಬಂದ ದಾರಿಯಲ್ಲೇ ಈಗ ಅವುಗಳ ಬೆಲೆಯೂ ಬರುತ್ತದೆ. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರುವಾಗಿ, ತೊಂಬತ್ತರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. ಆಗ ಶೇಂಗಾ ಬೆಳೆದವನಿಗೆ ಕೊಟ್ಟೂರು ಮಾರುಕಟ್ಟೆಯಲ್ಲಿ ಬೆಲೆಯಿತ್ತು, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಕೈತುಂಬ ಕೆಲಸವಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು.

ಆ ಎಣ್ಣೆಯ ಹಿಂದೆ ಇನ್ನೊಂದು ದೇಶದ ಜನಸಂಖ್ಯೆಯ ಕಥೆ ಇದೆ. ಇಂಡೋನೇಷ್ಯಾದ 17 ಸಾವಿರ ದ್ವೀಪಗಳಲ್ಲಿ ಜಾವಾ ಒಂದರಲ್ಲೇ ದೇಶದ ಶೇ 56ರಷ್ಟು ಜನರಿದ್ದಾರೆ; ನೆಲ ಮಾತ್ರ ಶೇ 7ರಷ್ಟು. ಡಚ್ಚರು 1905ರಲ್ಲಿ, ಅಂದರೆ ಕೊಟ್ಟೂರಿಗೆ ರೈಲು ಬಂದ ವರ್ಷವೇ, ಜಾವಾದ ಕುಟುಂಬಗಳನ್ನು ಸುಮಾತ್ರಾಕ್ಕೆ ಸಾಗಿಸತೊಡಗಿದರು. ಸ್ವತಂತ್ರ ಇಂಡೋನೇಷ್ಯಾ ಅದನ್ನು ಇನ್ನೂ ದೊಡ್ಡದಾಗಿ ಮುಂದುವರಿಸಿತು. ಕಾಡು ಕಡಿದ ಜಾಗದಲ್ಲಿ ತಾಳೆ ತೋಟ, ತೋಟದಲ್ಲಿ ದುಡಿಯಲು ಜಾವಾದ ಜನ, ಪಕ್ಕದಲ್ಲೇ ಬಂದರು. ಜನದಟ್ಟಣೆ ಇಳಿಸಲು ಹೊರಟ ನೀತಿ ಅಗ್ಗದ ಎಣ್ಣೆಗೂ ದಾರಿ ಮಾಡಿತು. ಆ ಎಣ್ಣೆ ಮಂಗಳೂರು ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಬಂದಾಗ ಮಳೆ ನಂಬಿ ಶೇಂಗಾ ಬಿತ್ತಿದ ಕೂಡ್ಲಿಗಿಯ ರೈತ ಅದರೆದುರು ನಿಲ್ಲುವುದು ಹೇಗೆ? ನೆಲ, ಜನ, ಬಂದರು ಮೂರನ್ನೂ ಒಂದು ಸರ್ಕಾರ ಕೂಡಿಸಿ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಕಾಡಿಗೂ ಅಲ್ಲಿನ ಮೂಲ ನಿವಾಸಿಗಳಿಗೂ ಅದರಿಂದ ಆದ ಅನಾಹುತ ಬೇರೆಯೇ ಲೆಕ್ಕ.

ಮೆಕ್ಕೆಜೋಳ ಹರಪನಹಳ್ಳಿಯಲ್ಲಿ ಗೆದ್ದದ್ದು ಕೋಳಿ ಆಹಾರದಿಂದ, ಜೊತೆಗೆ ವಿಯೆಟ್ನಾಂ, ಮಲೇಷ್ಯಾ, ಇಂಡೋನೇಷ್ಯಾಗಳ ಕೊಳ್ಳುವಿಕೆಯಿಂದ. ದಕ್ಷಿಣ ಅಮೆರಿಕದ ಕಾಳು ಅಗ್ಗವಾದಾಗ ಆ ಗಿರಾಕಿಗಳು ಜಾರಿದರು. ಆಮೇಲೆ ಎಥೆನಾಲ್ ಬಂತು, ಬೇಡಿಕೆ ಏರಿತು. ಏರಿದ್ದೇ ತಡ ಹೊರಗಿನಿಂದ ಮೆಕ್ಕೆಜೋಳ ತರಿಸಿದ್ದೂ ಆಯಿತು. 2025–26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಕಟಾವಿನ ಹೊತ್ತಿಗೆ ಮಾರುಕಟ್ಟೆ ದರ ಅದಕ್ಕಿಂತ ತುಂಬ ಕೆಳಗೆ ಬಿದ್ದು ರೈತರು ರಸ್ತೆಗಿಳಿದರು. ಈರುಳ್ಳಿಯದು ಇನ್ನೂ ಒರಟು ಅನುಭವ. 2023ರ ಡಿಸೆಂಬರ್‌ನಲ್ಲಿ ಒಂದು ಆದೇಶ ಹೊರಬಿತ್ತು, ಈರುಳ್ಳಿಗೆ ಬಂದರು ಬಂದ್. ರಫ್ತಿನ ಬಾಗಿಲು ಮತ್ತೆ ತೆರೆದದ್ದು ಚುನಾವಣೆಯ ನಡುವೆ, 2024ರ ಮೇನಲ್ಲಿ. ಬೆಲೆ ಏರಿದಾಗ ಕಡಲಿನ ಬಾಗಿಲು ಹಾಕಿ ಪಟ್ಟಣದ ಗಿರಾಕಿಯನ್ನು ಕಾಯುವ ಸರ್ಕಾರ, ಬೆಲೆ ಬಿದ್ದಾಗ ಅದೇ ಬಾಗಿಲಿನಿಂದ ಒಳಬರುವುದನ್ನು ತಡೆಯಲು ಮೀನಮೇಷ ಎಣಿಸುತ್ತದೆ. ನನ್ನ ತಕರಾರು ಸಮುದ್ರದ ಮೇಲಲ್ಲ, ಈ ಒಂದು ಕಡೆಗಷ್ಟೇ ತಿರುಗುವ ಬಾಗಿಲಿನ ಮೇಲೆ.

ನೀರಿನಲ್ಲೂ ಇಂಥದ್ದೇ ಒಂದು ವಿಚಿತ್ರವಿದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಗೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳು ಮುಳುಗಿದವು. ಕಾಲುವೆಗಳು ಹರಿದದ್ದು ಕೆಳಗೆ, ಗಂಗಾವತಿ, ಸಿಂಧನೂರು, ಸಿರುಗುಪ್ಪ, ಆಂಧ್ರದ ಕಡೆಗೆ. ನದಿ ಮೇಲಿನಿಂದ ಬಂದು ಹಿನ್ನೀರಾಗಿ ನಿಲ್ಲುವ ಊರುಗಳಲ್ಲಿ ನೀರು ನೋಡಲಿಕ್ಕುಂಟು, ಎತ್ತಿಕೊಳ್ಳಲು ಪಂಪು ಬೇಕು. ಹಡಗಲಿಗೆ ಸಿಂಗಟಾಲೂರು ಏತ ನೀರಾವರಿ, ಕೂಡ್ಲಿಗಿಗೆ 74 ಕೆರೆ ತುಂಬಿಸುವ ಯೋಜನೆ ಎಲ್ಲವೂ ಅರ್ಧ ಶತಮಾನ ತಡವಾಗಿ ಬಂದ ಪರಿಹಾರಗಳು. ಅಷ್ಟರಲ್ಲಿ ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ನೀರು ಬಂಗಾಳ ಕೊಲ್ಲಿಯ ದಾರಿ ಹಿಡಿದದ್ದನ್ನು ಇಡೀ ನಾಡು ಟಿವಿಯಲ್ಲಿ ನೋಡಿತು.

ನೀರಿಲ್ಲದ ನೆಲ ಜನರನ್ನು ಹೊರಗೆ ಕಳಿಸುತ್ತದೆ. ಮುಂಗಾರಿನ ಒಕ್ಕಣೆ ಮುಗಿದು ದೀಪಾವಳಿ ದಾಟಿತೆಂದರೆ ಗುಳೆ ಶುರು. ಮೇಸ್ತ್ರಿಯ ಮುಂಗಡ ಕೈಸೇರಿರುತ್ತದೆ. ತಾಂಡಾಗಳಿಂದ ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರು–ಕೊಡಗಿಗೆ ಕಾಫಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಮಂಗಳೂರು–ಉಡುಪಿಗೆ ಗಾರೆ ಕೆಲಸಕ್ಕೆ, ಮೀನುಗಾರಿಕಾ ಬಂದರಿನ ಕೂಲಿಗೆ. ಮನೆಯಲ್ಲಿ ಮುದುಕರು, ಶಾಲೆಯಲ್ಲಿ ಅರ್ಧ ಖಾಲಿ ಬೆಂಚು. ಕರಾವಳಿಯವರಿಗೆ ಇವರೆಲ್ಲ ಒಟ್ಟಾಗಿ ‘ಘಟ್ಟದವರು’.

ಕರಾವಳಿಗೆ ಇಷ್ಟು ಕೂಲಿಗಳು ಯಾಕೆ ಬೇಕಾದರು? ಅಲ್ಲಿನ ಮಕ್ಕಳು ಓದಿ ಮೊದಲು ಮುಂಬೈಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು. ಹಡಗು, ಬ್ಯಾಂಕು, ಹೋಟೆಲು, ಕಾನ್ವೆಂಟು ಇವೆಲ್ಲ ಆ ದಂಡೆಗೆ ಬಂದರಿನ ಜೊತೆಗೇ ಬಂದವು. ಹೆರಿಗೆ ಕಡಿಮೆಯಾಯಿತು, ಮನೆಗಳಲ್ಲಿ ವಯಸ್ಸಾದವರು ಉಳಿದರು, ಹೊರಹೋದವರು ಬಿಟ್ಟ ಮೈಮುರಿ ಕೆಲಸಕ್ಕೆ ಬಳ್ಳಾರಿ, ಕೊಪ್ಪಳ, ಬಾಗಲಕೋಟೆಯಿಂದ ಜನ ಇಳಿದರು. ದುಬೈನಲ್ಲಿ ಒಂದು ಕೆಲಸ ಹುಟ್ಟಿದರೆ ಉಡುಪಿಯಲ್ಲಿ ಒಂದು ಜಾಗ ತೆರವಾಗುತ್ತದೆ, ಹರಪನಹಳ್ಳಿಯ ತಾಂಡಾದಲ್ಲಿ ಒಂದು ಮನೆಗೆ ಬೀಗ ಬೀಳುತ್ತದೆ. ರಾಜ್ಯದ ಸರಾಸರಿ ಹೆರಿಗೆ ದರ ಈಗಾಗಲೇ ಒಬ್ಬ ಹೆಣ್ಣಿಗೆ 1.7 ಮಕ್ಕಳಿಗೆ ಇಳಿದಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದುಡಿಯುವ ವಯಸ್ಸಿನವರು ಹೆಚ್ಚಿರುವ ಈ ಹೊತ್ತನ್ನು ಅರ್ಥಶಾಸ್ತ್ರಜ್ಞರು ‘ಜನಸಂಖ್ಯೆಯ ಲಾಭಾಂಶ’ ಎನ್ನುತ್ತಾರೆ. ಲಾಭಾಂಶ ಇರುವುದು ನಿಜ. ಅದು ಜಮೆಯಾಗುವುದು ದುಡಿಸಿಕೊಂಡ ಜಿಲ್ಲೆಯ ಖಾತೆಗೆ. ಆ ಮಕ್ಕಳನ್ನು ಹೆತ್ತು ಸಾಕಿದ ಖರ್ಚು ಮಾತ್ರ ತಾಂಡಾದ್ದು.

2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳೆಂದು ಆರೋಪಿಸಿ ಒಬ್ಬ ಹೆಣ್ಣುಮಗಳನ್ನು ಮರಕ್ಕೆ ಕಟ್ಟಿ ಹೊಡೆದರು. ಆಕೆ ವಿಜಯನಗರ ಜಿಲ್ಲೆಯಿಂದ ಹೋದ ಲಂಬಾಣಿ ಕೂಲಿ. ಬಂಧನಗಳಾದವು, ಖಂಡನೆಗಳಾದವು. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಉಪ್ಪು ಹೊರಲು ಕಡಲಿಗೆ ಇಳಿದು ಹೋಗುತ್ತಿದ್ದ ಅದೇ ಸಮುದಾಯ. ಅಂದು ಹೋದವರು ಎತ್ತು, ಸರಕು, ಚೌಕಾಸಿಯ ಬಲ ಎಲ್ಲವನ್ನೂ ಕಟ್ಟಿಕೊಂಡು ಹೋದರು. ಬಂದರಿನವರಿಗೆ ಅವರ ಧಾನ್ಯ ಬೇಕಿತ್ತು. ಇಂದು ಎರಡು ಕೈ ಮಾತ್ರ ಹೋಗುತ್ತವೆ, ಅಂಥ ಕೈಗಳು ಬೇಕಾದಷ್ಟು ಸಿಗುತ್ತವೆ.

ಹರಪನಹಳ್ಳಿಯವರು ಭೂಗೋಳದ ರಾಜಕೀಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದರು. ಪೇಟೆ ಹತ್ತಿರ, ಮೆಕ್ಕೆಜೋಳದ ಮಂಡಿ ಹತ್ತಿರ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಸಿಕ್ಕಾಗ ಗಡಿಯಾಚೆ ನಿಂತು ನೋಡಬೇಕಾಯಿತು. ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರಕ್ಕೆ ಬಂದರು. ಊರು ಇದ್ದಲ್ಲೇ ಇತ್ತು. ಇದನ್ನು ಅವಕಾಶವಾದವೆಂದು ನಗುವವರಿದ್ದಾರೆ; ನನಗೆ ಇದು ಅಪ್ಪಟ ಅರ್ಥಶಾಸ್ತ್ರವಾಗಿ ಕಾಣುತ್ತದೆ. ನೆಲವನ್ನು ಕಡಲಿನ ಹತ್ತಿರ ಎಳೆಯಲಾಗದು, ಗೆರೆಯನ್ನು ಎಳೆಯಬಹುದು.

ಈಗ ಅಂಕೋಲಾದ ಕೇಣಿಯಲ್ಲಿ ಹೊಸ ಬಂದರು ಎಂಬ ಮಾತಿದೆ, ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ದಶಕಗಳಿಂದ ಕಾಡಿಗೂ ಕಡತಕ್ಕೂ ನಡುವೆ ಓಡಾಡುತ್ತಿದೆ. ಕೇಣಿಯ ಮೀನುಗಾರರು ಬೇಡವೆನ್ನುತ್ತಿದ್ದಾರೆ, ಅವರ ಮಾತು ಕೇಳಲೇಬೇಕು. ಅದೆಲ್ಲ ಕೂಡಿಬಂದರೂ ಅದಿರು ಇನ್ನೂ ಬೇಗ ಇಳಿದೀತು, ಕಲ್ಲಿದ್ದಲು ಇನ್ನೂ ಬೇಗ ಏರೀತು; ಹಡಗಲಿ ಮಲ್ಲಿಗೆಗೆ ಏನು ಬಂತು? ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಹೂವು ಬಿಡಿಸಿದ ದಿನವೇ ಮಾರಾಟವಾಗಬೇಕು. ಅದಕ್ಕೆ ಬೇಕಾದದ್ದು ಹಡಗಲ್ಲ, ಶೈತ್ಯಾಗಾರ, ಹೊತ್ತಿಗೆ ಸರಿಯಾಗಿ ಹೊರಡುವ ಒಂದು ಗಾಡಿ. ಹಗರಿಬೊಮ್ಮನಹಳ್ಳಿಯ ದಾಳಿಂಬೆ, ಕೂಡ್ಲಿಗಿಯ ಹುಣಸೆಗೂ ಅಷ್ಟೇ: ಬಂದರಿಗಿಂತ ಮೊದಲು ವಿಂಗಡಿಸುವ, ಕೆಡದಂತೆ ಇಡುವ, ಹಿಂಡುವ, ಡಬ್ಬಿ ತುಂಬುವ ಕೆಲಸ ಈ ತಾಲ್ಲೂಕುಗಳಲ್ಲೇ ಆಗಬೇಕು. ಗಣಿ ಪರಿಸರ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿಯಲ್ಲಿ ಒಂದಿಷ್ಟನ್ನು ರಸ್ತೆ, ಸಮುದಾಯ ಭವನಗಳಿಗೆ ಹಂಚುವ ಬದಲು ಇಲ್ಲಿಗೆ ತಂದರೆ ಗುಳೆ ಹೋಗುವವರಲ್ಲಿ ಒಂದಷ್ಟು ಹೆಣ್ಣುಮಕ್ಕಳಾದರೂ ಊರಲ್ಲಿ ನಿಂತಾರು.

ಇದಕ್ಕೆಲ್ಲ ಲೆಕ್ಕ ಬೇಕು, ಲೆಕ್ಕದಲ್ಲೇ ತೊಡಕಿದೆ. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು ಗೊತ್ತುಮಾಡಲಾಗಿದೆ, ಅಂದರೆ ಎಣಿಕೆ ಮತ್ತೆ ಫೆಬ್ರವರಿಯಲ್ಲೇ. ಆ ತಿಂಗಳು ತಾಂಡಾದ ಅರ್ಧ ಜನ ಕಬ್ಬಿನ ಗದ್ದೆಯ ಟೆಂಟಿನಲ್ಲಿ, ಕಾಫಿ ತೋಟದ ಲೈನು ಮನೆಯಲ್ಲಿ, ಮಲ್ಪೆಯ ಶೆಡ್ಡಿನಲ್ಲಿ ಇರುತ್ತಾರೆ. ಎಣಿಕೆಯ ಅಷ್ಟೂ ದಿನ ಹೊರಗಿದ್ದವರು ಎಣಿಕೆಯಾಗುವುದು ಸಿಕ್ಕ ಊರಿನಲ್ಲಿ, ಸಿಕ್ಕರೆ. ಶಾಲೆ, ಆಸ್ಪತ್ರೆ, ಪಡಿತರ, ಕ್ಷೇತ್ರಗಳ ಗಡಿ ಎಲ್ಲಕ್ಕೂ ಆ ಸಂಖ್ಯೆಯೇ ಆಧಾರ. ಹಿಂದಿನ ಗಣತಿಯ ವಲಸೆ ಕೋಷ್ಟಕಗಳು ಹೊರಬೀಳಲು 2019 ಆಗಬೇಕಾಯಿತು. ಆದ್ದರಿಂದ ಗಣತಿದಾರರ ಬ್ಲಾಕುಗಳನ್ನು ಗುರುತಿಸುವ ಹೊತ್ತಿನಲ್ಲೇ ವಿಜಯನಗರ ಜಿಲ್ಲಾಡಳಿತ ಯಾವ ತಾಂಡಾದಿಂದ ಎಷ್ಟು ಮನೆಯವರು ಎಲ್ಲಿಗೆ ಹೋಗಿದ್ದಾರೆಂದು ಪಂಚಾಯಿತಿವಾರು ಪಟ್ಟಿ ಮಾಡಿ ಮಂಡ್ಯ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದ ಅಧಿಕಾರಿಗಳಿಗೆ ಮುಟ್ಟಿಸಬೇಕು. ಶೆಡ್ಡುಗಳಿಗೆ ಹೋಗುವ ಗಣತಿದಾರರು ‘ಹಿಂದಿನ ವಾಸಸ್ಥಳ’ದ ಕಾಲಂ ಖಾಲಿ ಬಿಡದೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕೇಳಿ ಬರೆದುಕೊಳ್ಳಬೇಕು.